ಡೆನ್ವರ್ ಭಾಷಣ ಮತ್ತು ಒಬ್ಬ ಮತದಾರೆಯ ಲೆಕ್ಕ

2008ರ ಆಗಸ್ಟ್ 28ರ ಗುರುವಾರ ರಾತ್ರಿ ಎಂಟು ಗಂಟೆ ಕಳೆದ ಮೇಲೆ, ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ಬರಾಕ್ ಒಬಾಮ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆಯನ್ನು ಒಪ್ಪಿಕೊಂಡು ಮಾತನಾಡಿದರು. ಇನ್‌ವೆಸ್ಕೊ ಫೀಲ್ಡ್ ಎಂಬ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸುಮಾರು 84,000 ಜನ ಸೇರಿದ್ದರು; ಟೀವಿಯಲ್ಲಿ ನೋಡಿದವರು 3.8 ಕೋಟಿಗೂ ಹೆಚ್ಚು. ಆಫ್ರಿಕನ್ ಅಮೆರಿಕನ್ ಒಬ್ಬರು ಆ ದೇಶದ ಎರಡು ದೊಡ್ಡ ಪಕ್ಷಗಳಲ್ಲೊಂದರ ಅಧ್ಯಕ್ಷೀಯ ಅಭ್ಯರ್ಥಿಯಾದದ್ದು ಅದೇ ಮೊದಲು. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ತಮ್ಮ ಹೆಸರಾಂತ ಭಾಷಣ ಮಾಡಿ ಅಂದಿಗೆ ಸರಿಯಾಗಿ 45 ವರ್ಷ ತುಂಬಿತ್ತು. ಆ ಜನರ ನಡುವೆ, ಮೇಲಿನ ಅಂತಸ್ತಿನ ಒಂದು ಸಾಲಿನಲ್ಲಿ, ಮೂಡಿಗೆರೆ ಕಡೆಯಿಂದ ಹೋಗಿ ಅಮೆರಿಕದ ಪೌರತ್ವ ಪಡೆದಿದ್ದ ಕನ್ನಡತಿಯೊಬ್ಬರಿದ್ದರು. ಅಧ್ಯಕ್ಷರ ಆಯ್ಕೆಗೆ ಆಕೆ ಮತ ಹಾಕಲಿದ್ದ ಮೊದಲ ಚುನಾವಣೆ ಅದು.

ಪಕ್ಷದ ರಾಷ್ಟ್ರೀಯ ಅಧಿವೇಶನದ ಕೊನೆಯ ರಾತ್ರಿ ಅಭ್ಯರ್ಥಿಯೇ ಖುದ್ದಾಗಿ ಬಂದು ಒಪ್ಪಿಗೆಯ ಭಾಷಣ ಮಾಡುವ ರೂಢಿ ಅಮೆರಿಕದಲ್ಲಿ ತೀರ ಹಳೆಯದಲ್ಲ. ಹಿಂದೆಲ್ಲ ಅಭ್ಯರ್ಥಿ ಅಧಿವೇಶನದಿಂದ ದೂರವೇ ಉಳಿಯುತ್ತಿದ್ದರು. ಕೆಲವು ವಾರಗಳ ನಂತರ ಪಕ್ಷದ ನಿಯೋಗವೊಂದು ಅವರಿದ್ದಲ್ಲಿಗೆ ಹೋಗಿ ವಿಷಯ ತಿಳಿಸುತ್ತಿತ್ತು. ಅವರು ಆಗಷ್ಟೇ ಗೊತ್ತಾಯಿತೆಂಬಂತೆ ಒಪ್ಪಿಕೊಳ್ಳುತ್ತಿದ್ದರು. 1932ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಲ್ಬನಿಯಿಂದ ಷಿಕಾಗೊಗೆ ವಿಮಾನದಲ್ಲಿ ಹಾರಿಬಂದು ಅಧಿವೇಶನದಲ್ಲೇ ಒಪ್ಪಿಗೆ ಕೊಟ್ಟು ಆ ಸಂಪ್ರದಾಯ ಮುರಿದರು. ಮೊದಲು ರೇಡಿಯೊ, ಆಮೇಲೆ ಟೀವಿ ಬಂದಂತೆ ಈ ಭಾಷಣ ಸಭಿಕರಿಗಿಂತ ಮನೆಯಲ್ಲಿ ಕೂತವರಿಗಾಗಿಯೇ ಬರೆಯಲ್ಪಡತೊಡಗಿತು. ಅದರಲ್ಲಿ ಆಡಿದ ಮಾತು ಬೆನ್ನು ಬಿಡುವುದಿಲ್ಲ. 1988ರಲ್ಲಿ ಹಿರಿಯ ಜಾರ್ಜ್ ಬುಷ್ ಹೊಸ ತೆರಿಗೆ ಹಾಕುವುದೇ ಇಲ್ಲ ಎಂದು ಇಂಥದೇ ವೇದಿಕೆಯಲ್ಲಿ ಸಾರಿದರು. 1990ರಲ್ಲಿ ತೆರಿಗೆ ಏರಿಸಲು ಒಪ್ಪಿದರು. 1992ರಲ್ಲಿ ಸೋಲುವವರೆಗೂ ಎದುರಾಳಿಗಳು ಆ ಒಂದು ವಾಕ್ಯವನ್ನು ಅವರ ಮುಖಕ್ಕೆ ಹಿಡಿಯುತ್ತಲೇ ಇದ್ದರು.

ಈ ಮತದಾರೆಗೆ ಚುನಾವಣಾ ಭಾಷಣವೆಂದರೆ ಬೇರೆಯದೇ ನೆನಪು. 1978ರಲ್ಲಿ ಇಂದಿರಾ ಗಾಂಧಿ ಆಕೆಯ ಊರು ಸೇರಿದ್ದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ಆಕೆ ಮಾಧ್ಯಮಿಕ ಶಾಲೆಯ ಹುಡುಗಿ. ಲೌಡ್‌ಸ್ಪೀಕರ್ ಕಟ್ಟಿದ ಜೀಪುಗಳು ತೋಟದ ರಸ್ತೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಸುತ್ತುತ್ತಿದ್ದವು. ಭಾಷಣಕ್ಕೆ ಜನ ಹೋಗುತ್ತಿದ್ದುದು ನಾಯಕಿಯನ್ನು ಕಣ್ಣಾರೆ ನೋಡಲು. ಏನು ಹೇಳಿದರು ಎಂದು ಮನೆಗೆ ಬಂದವರನ್ನು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ. ಎಷ್ಟು ಜನ ಸೇರಿದ್ದರು, ಯಾರು ಯಾರು ವೇದಿಕೆಯಲ್ಲಿದ್ದರು ಎಂಬುದಕ್ಕೆ ಮಾತ್ರ ಪಕ್ಕಾ ಉತ್ತರವಿರುತ್ತಿತ್ತು. ಭಾಷಣದ ಮಾತುಗಳನ್ನು ಬರೆದಿಟ್ಟುಕೊಂಡು ಮುಂದೆ ಲೆಕ್ಕ ಕೇಳಬಹುದು ಎಂಬ ಕಲ್ಪನೆ ಊರಲ್ಲಿ ಯಾರಿಗೂ ಇದ್ದಂತಿರಲಿಲ್ಲ.

ಆಕೆ ಅಮೆರಿಕಕ್ಕೆ ಹೋದದ್ದು 1990ರ ದಶಕದ ಕೊನೆಯಲ್ಲಿ, ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ, ಸಾಫ್ಟ್‌ವೇರ್ ಕೆಲಸಕ್ಕೆ. ಗ್ರೀನ್ ಕಾರ್ಡ್ ಬಂದು ಐದು ವರ್ಷ ಕಳೆದ ಮೇಲೆ, 2007ರಲ್ಲಿ, ಪೌರತ್ವ ಸಿಕ್ಕಿತು. ಕೆಲಸ ಡೆನ್ವರ್ ನಗರದ ದಕ್ಷಿಣಕ್ಕಿರುವ ಟೆಕ್ ಸೆಂಟರ್ ಪ್ರದೇಶದಲ್ಲಿ. ಕಂಪನಿ ತನ್ನ ಕೆಲಸದ ಒಂದು ಭಾಗವನ್ನು ಬೆಂಗಳೂರಿಗೆ ಸಾಗಿಸಿದಾಗ ಅದನ್ನು ಅತ್ತ ದಾಟಿಸುವ ಹೊಣೆ ಆಕೆಯ ಮೇಲೆಯೇ ಬಿದ್ದಿತ್ತು. ಆ ಉದ್ಯಮದಲ್ಲಿ ಇದಕ್ಕೆ ‘ಕೆ.ಟಿ.’ (ನಾಲೆಜ್ ಟ್ರಾನ್ಸ್‌ಫರ್, ಅಂದರೆ ತಿಳಿವಳಿಕೆಯ ವರ್ಗಾವಣೆ) ಎನ್ನುತ್ತಾರೆ. ಹಗಲಲ್ಲಿ, ಕೆಲಸ ಕಳೆದುಕೊಳ್ಳಲಿರುವ ಅಮೆರಿಕನ್ ಸಹೋದ್ಯೋಗಿಯ ಪಕ್ಕ ಕೂತು ಯಾವ ಪ್ರೋಗ್ರಾಮ್ ಏನು ಮಾಡುತ್ತದೆ ಎಂದು ಕೇಳಿ ಬರೆದುಕೊಳ್ಳುವುದು. ರಾತ್ರಿ, ಬೆಂಗಳೂರಿನ ಹುಡುಗರಿಗೆ ಫೋನಿನಲ್ಲಿ ಅದನ್ನೇ ಬಿಡಿಸಿ ಹೇಳುವುದು. ಆಕೆಯ ಸ್ವಂತ ತಮ್ಮನೂ ಬೆಂಗಳೂರಿನಲ್ಲಿ, ಬೇರೊಂದು ಕಂಪನಿಯಲ್ಲಿ, ಅಮೆರಿಕದ ಬ್ಯಾಂಕೊಂದರ ಕೆಲಸ ಮಾಡುತ್ತಿದ್ದ. ಹೀಗಾಗಿ ‘ಔಟ್‌ಸೋರ್ಸಿಂಗ್’ ಎಂಬ ವಿಷಯದಲ್ಲಿ ಎರಡು ದಡದ ಕಷ್ಟಸುಖವೂ ಆಕೆಗೆ ಗೊತ್ತಿತ್ತು.

ಪಕ್ಷದೊಳಗಿನ ಸ್ಪರ್ಧೆಯಲ್ಲಿ ಆಕೆಯ ಒಲವು ಹಿಲರಿ ಕ್ಲಿಂಟನ್ ಕಡೆಗಿತ್ತು. ಒಬಾಮ ಮಾತುಗಾರ, ಕೆಲಸ ಬಲ್ಲವರು ಹಿಲರಿ ಎಂಬುದು ಆಕೆಯ ಅನಿಸಿಕೆ. ಹಿಲರಿಗೆ ಹತ್ತಿರ ಹತ್ತಿರ 1.8 ಕೋಟಿ ಮತ ಬಿದ್ದೂ ಜೂನ್ ತಿಂಗಳಲ್ಲಿ ಅವರು ಹಿಂದೆ ಸರಿಯಬೇಕಾಯಿತು. ಅಧಿವೇಶನ ಶುರುವಾದಾಗ ಅವರ ಬೆಂಬಲಿಗರ ಮುನಿಸು ಇನ್ನೂ ತಣಿದಿರಲಿಲ್ಲ. ಬುಧವಾರ ರಾಜ್ಯವಾರು ಮತ ಎಣಿಕೆ ನಡೆಯುತ್ತಿದ್ದಾಗ, ನ್ಯೂಯಾರ್ಕ್ ಪ್ರತಿನಿಧಿಗಳ ನಡುವೆ ನಿಂತು, ಎಣಿಕೆ ನಿಲ್ಲಿಸಿ ಒಬಾಮ ಅವರನ್ನು ಸರ್ವಾನುಮತದಿಂದ ಆರಿಸೋಣ ಎಂದು ಸೂಚಿಸಿದವರು ಸ್ವತಃ ಹಿಲರಿ. ಅದನ್ನು ಟೀವಿಯಲ್ಲಿ ನೋಡಿದ ಮೇಲೂ ಈ ಮತದಾರೆಯ ಮನಸ್ಸು ಪೂರ್ತಿ ಒಲಿದಿರಲಿಲ್ಲ. ಗುರುವಾರದ ಭಾಷಣ ಕೇಳಿ ತೀರ್ಮಾನಿಸೋಣ ಎಂದುಕೊಂಡೇ ಆಕೆ ಹೊರಟದ್ದು.

ಅಧಿವೇಶನದ ಮೊದಲ ಮೂರು ದಿನ ಪೆಪ್ಸಿ ಸೆಂಟರ್ ಎಂಬ ಒಳಾಂಗಣದಲ್ಲಿ ನಡೆದಿತ್ತು. ಕೊನೆಯ ರಾತ್ರಿಯನ್ನು ಬಯಲಿಗೆ ತಂದದ್ದು ಒಬಾಮ ತಂಡದ ನಿರ್ಧಾರ. 1960ರಲ್ಲಿ ಜಾನ್ ಕೆನಡಿ ಲಾಸ್ ಏಂಜಲಿಸ್‌ನ ಕೊಲೀಸಿಯಂನಲ್ಲಿ ಹೀಗೆ ಮಾಡಿದ್ದರು. ಪಕ್ಷದ ಪ್ರತಿನಿಧಿಗಳ ಜೊತೆಗೆ ಸಾಮಾನ್ಯರಿಗೂ ಉಚಿತ ಪಾಸುಗಳನ್ನು ಹಂಚಲಾಗಿತ್ತು, ಅದರಲ್ಲೂ ಕೊಲರಾಡೊದವರಿಗೆ ಹೆಚ್ಚಾಗಿ. ಆ ರಾಜ್ಯ ಹಿಂದಿನ ಮೂರು ಚುನಾವಣೆಗಳಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಒಲಿದಿತ್ತು. ಅದನ್ನು ಕಿತ್ತುಕೊಳ್ಳುವುದು ಡೆಮಾಕ್ರಟರ ಲೆಕ್ಕಾಚಾರ. ಕ್ರೀಡಾಂಗಣದ ಪಕ್ಕದ ಹೆದ್ದಾರಿಯನ್ನು ಮುಚ್ಚಲಾಗಿತ್ತು. ಮಧ್ಯಾಹ್ನದ ಸುಡು ಬಿಸಿಲಲ್ಲಿ ಸಾಲು ಮೈಲಿಗಟ್ಟಲೆ ಬೆಳೆದು, ಸೇತುವೆ ದಾಟಿ, ಪಾರ್ಕಿಂಗ್ ಜಾಗಗಳನ್ನು ಸುತ್ತಿ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಸ್ವಯಂಸೇವಕರಿಗೇ ತಿಳಿಯದಂತಾಗಿತ್ತು. ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದ ಊರದು. ಅಲ್ಲಿನ ತೆಳು ಗಾಳಿಯಲ್ಲಿ ಬಿಸಿಲಿಗೆ ನಿಂತವರಿಗೆ ಬಾಯಾರಿಕೆಯ ಮೇಲೆ ಬಾಯಾರಿಕೆ.

ಒಳಗೆ ವೇದಿಕೆಯ ಹಿಂದೆ ಗ್ರೀಕ್ ದೇಗುಲದ ಮಾದರಿಯ ಬಿಳಿ ಕಂಬಗಳ ಸಾಲಿತ್ತು. ರಿಪಬ್ಲಿಕನ್ನರು ಅದನ್ನು ಹಿಡಿದು ಗೇಲಿ ಮಾಡಿದರು. ನಿಜಕ್ಕೂ ಗೇಲಿಗೆ ತಕ್ಕಂತೆಯೇ ಇತ್ತು. ಸಂಗೀತಗಾರರು ಹಾಡಿದರು, ಅಲ್ ಗೋರ್ ಮಾತಾಡಿದರು. ನಡುನಡುವೆ ಸಂಘಟಕರು ಸಭಿಕರ ಕೈಯಲ್ಲಿ ಮೊಬೈಲ್ ತೆಗೆಸಿ, ಸಂದೇಶ ಕಳಿಸಿ ಹೆಸರು ನೋಂದಾಯಿಸಿ, ಮತದಾರರ ಪಟ್ಟಿಗೆ ಸೇರದವರಿಗೆ ಇಲ್ಲಿಂದಲೇ ಫೋನ್ ಮಾಡಿ ಎಂದು ಕೆಲಸಕ್ಕೆ ಹಚ್ಚಿದರು. ಈ ಭಾಗ ಆಕೆಗೆ ಮೆಚ್ಚಿಗೆಯಾಯಿತು. ಜಾತ್ರೆಯ ಹಾಗೆ ಕಾಣುತ್ತಿದ್ದ ಸಭೆಯ ಒಳಗೆ ಮತಗಳನ್ನು ಒಂದೊಂದಾಗಿ ಜೋಡಿಸುವ ಕಾರ್ಖಾನೆ ನಡೆಯುತ್ತಿತ್ತು.

ಭಾಷಣ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ ನಡೆಯಿತು. ಆರಂಭದಲ್ಲಿ ಹಿಲರಿಗೆ, ಬಿಲ್ ಕ್ಲಿಂಟನ್‌ಗೆ, ಕಾಯಿಲೆಯಲ್ಲೂ ಸೋಮವಾರ ಬಂದು ಮಾತಾಡಿದ್ದ ಟೆಡ್ ಕೆನಡಿಗೆ, ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಜೋ ಬೈಡನ್‌ಗೆ ಕೃತಜ್ಞತೆ. ಆಮೇಲೆ ದೇಶದ ಆಗಿನ ಸ್ಥಿತಿ: ಕೆಲಸ ಹೋದವರು, ಮನೆಯ ಬೆಲೆ ಕುಸಿದವರು, ಕ್ರೆಡಿಟ್ ಕಾರ್ಡ್ ಸಾಲ ತೀರಿಸಲಾಗದವರು. ಒಹಾಯೊದಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಹೆಂಗಸು, ಇಂಡಿಯಾನಾದಲ್ಲಿ ತಾನು ಇಪ್ಪತ್ತು ವರ್ಷ ದುಡಿದ ಯಂತ್ರ ಚೀನಾಕ್ಕೆ ಹೋಗುವುದನ್ನು ನಿಂತು ನೋಡಿದ ಕೆಲಸಗಾರ. ನಂತರ ಎದುರಾಳಿ ಜಾನ್ ಮೆಕೇನ್: ಅವರ ಸೈನಿಕ ಸೇವೆಗೆ ಗೌರವ, ಅವರ ಮತದಾನದ ದಾಖಲೆಗೆ ಏಟು. ಇಲ್ಲಿಯವರೆಗೆ ಆಕೆ ಕೇಳಿಸಿಕೊಂಡದ್ದು ತೂಗಿ ನೋಡುವವರ ಹಾಗೆ. ಇಂಥ ಕಷ್ಟದ ಕತೆಗಳು ಎಲ್ಲ ಪಕ್ಷದ ಭಾಷಣಗಳಲ್ಲೂ ಬರುತ್ತವೆ.

ಆಕೆಯನ್ನು ಹಿಡಿದು ನಿಲ್ಲಿಸಿದ್ದು ಅಜ್ಜಿಯ ಪ್ರಸ್ತಾಪ. ಒಬಾಮ ಅವರನ್ನು ಸಾಕಿದ ಅಜ್ಜಿ ಮ್ಯಾಡಲಿನ್ ಡನಮ್ ಗುಮಾಸ್ತೆಯಾಗಿ ಸೇರಿ ಮೇಲಿನ ಹುದ್ದೆಗೆ ಏರಿದವರು. ಹೆಣ್ಣೆಂಬ ಕಾರಣಕ್ಕೆ ವರ್ಷಗಟ್ಟಲೆ ಅವರಿಗೆ ಬಡ್ತಿ ತಪ್ಪಿತ್ತು ಎಂದು ಮೊಮ್ಮಗ ಹೇಳಿದರು. ತನಗೆ ಒಳ್ಳೆಯ ಬದುಕು ಸಿಗಲೆಂದು ಹೊಸ ಕಾರು, ಹೊಸ ಉಡುಪು ಕೊಳ್ಳುವುದನ್ನು ಮುಂದೂಡಿದ ಅಜ್ಜಿ ಎಂದೂ ಸೇರಿಸಿದರು. ತಾನು ಕೆಲಸ ಕಲಿಸಿದ ಗಂಡಸರು ತನ್ನನ್ನು ದಾಟಿ ಮೇಲೆ ಹೋದದ್ದನ್ನು ಕಂಡಿದ್ದ ಈ ಮತದಾರೆಗೆ ಇದು ಬರೀ ಕತೆಯಾಗಿ ಕೇಳಿಸಲಿಲ್ಲ. ಹಿಲರಿಯ ಸೋಲಿನಿಂದ ಮುನಿದಿದ್ದ ಹೆಂಗಸರನ್ನು ಒಲಿಸಿಕೊಳ್ಳಲೆಂದೇ ಈ ಮಾತು ಅಲ್ಲಿ ಬಂದಿದೆ ಎಂಬುದೂ ಆಕೆಗೆ ಹೊಳೆಯಿತು. ಉದ್ದೇಶ ಗೊತ್ತಾದರೂ ಮಾತು ನಾಟುವುದು ತಪ್ಪಲಿಲ್ಲ.

ಅನಂತರ ಬದಲಾವಣೆ ಎಂದರೆ ಏನೆಂದು ಬಿಡಿಸಿ ಹೇಳುತ್ತೇನೆ ಎಂದು ಒಬಾಮ ಭರವಸೆಗಳ ಪಟ್ಟಿಗೆ ಬಂದರು. ದುಡಿಯುವ ಕುಟುಂಬಗಳಲ್ಲಿ ಶೇ. 95ಕ್ಕೆ ತೆರಿಗೆ ಇಳಿಕೆ. ಹತ್ತು ವರ್ಷದಲ್ಲಿ ಮಧ್ಯಪ್ರಾಚ್ಯದ ತೈಲದ ಅವಲಂಬನೆಗೆ ಕೊನೆ. ಎಲ್ಲರಿಗೂ ಕೈಗೆಟಕುವ ಆರೋಗ್ಯ ವಿಮೆ. ಸಮಾನ ಕೆಲಸಕ್ಕೆ ಸಮಾನ ವೇತನ. ಇರಾಕ್ ಯುದ್ಧಕ್ಕೆ ಜವಾಬ್ದಾರಿಯುತ ಮುಕ್ತಾಯ. ಪಟ್ಟಿಯ ಮೊದಲಲ್ಲೇ ಒಂದು ವಾಕ್ಯ ಬಂತು: ಉದ್ಯೋಗಗಳನ್ನು ಹೊರದೇಶಕ್ಕೆ ಸಾಗಿಸುವ ಕಂಪನಿಗಳಿಗೆ ತೆರಿಗೆ ರಿಯಾಯಿತಿ ನಿಲ್ಲಿಸಿ, ಇಲ್ಲೇ ಒಳ್ಳೆಯ ಉದ್ಯೋಗ ಕೊಡುವ ಕಂಪನಿಗಳಿಗೆ ಅದನ್ನು ಕೊಡುವುದು.

ಕ್ರೀಡಾಂಗಣ ಭೋರ್ಗರೆಯಿತು. ಆಕೆಯ ಪಕ್ಕದಲ್ಲಿ ಕೂತಿದ್ದವರು ಪ್ಯೂಬ್ಲೊ ಎಂಬ ಉಕ್ಕಿನ ಊರಿನಿಂದ ಬಂದಿದ್ದ ನಿವೃತ್ತ ಕಾರ್ಖಾನೆ ಕೆಲಸಗಾರ. ಸಂಜೆಯಿಂದ ಆಕೆಯೊಡನೆ ಕಡಲೆಬೀಜ ಹಂಚಿಕೊಂಡು ಮಾತಾಡುತ್ತಿದ್ದ ಅವರು ಎದ್ದು ನಿಂತು ಕೂಗಿ, ಖುಷಿಗೆ ಆಕೆಯ ಕಡೆ ಅಂಗೈ ಎತ್ತಿದರು. ಆಕೆಯೂ ಕೈ ಕೊಟ್ಟರು. ಕೂಗು ಮಾತ್ರ ಬಾಯಿಂದ ಹೊರಡಲಿಲ್ಲ. ಒಂದು ಕಡೆ, ಕೆ.ಟಿ. ಮುಗಿದ ದಿನ ರಟ್ಟಿನ ಡಬ್ಬಿಗೆ ಮಕ್ಕಳ ಫೋಟೊ ತುಂಬಿಕೊಂಡು ಹೋದ ಸಹೋದ್ಯೋಗಿಯ ಮುಖ. ಇನ್ನೊಂದು ಕಡೆ, ಸಾಲ ಮಾಡಿ ಮನೆ ಕೊಂಡಿದ್ದ ತಮ್ಮ. ಹಾಗೆ ನೋಡಿದರೆ ಆಕೆಯೇ ಆ ವಾಕ್ಯದ ಎರಡೂ ಬದಿಯಲ್ಲಿದ್ದರು: ಭಾರತದಿಂದ ಬಂದು ಇಲ್ಲಿ ಕೆಲಸ ಪಡೆದವರು, ಇಲ್ಲಿಯ ಕೆಲಸವನ್ನು ಭಾರತಕ್ಕೆ ಕಳಿಸಿಕೊಟ್ಟವರು, ಈಗ ಇಲ್ಲಿ ಮತ ಹಾಕುವವರು.

ಆರೋಗ್ಯ ವಿಮೆಯ ಭಾಗ ಬಂದಾಗ ಸದ್ದು ಇಳಿಯಿತು. ಕ್ಯಾನ್ಸರಿನಿಂದ ಸಾಯುತ್ತ ಮಲಗಿದ್ದ ತಾಯಿ ವಿಮಾ ಕಂಪನಿಗಳೊಡನೆ ವಾದ ಮಾಡುವುದನ್ನು ಕಂಡವನು ನಾನು, ಕಾಯಿಲೆಯವರನ್ನು ದೂರವಿಡುವ ಆ ಪದ್ಧತಿಯನ್ನು ನಿಲ್ಲಿಸುತ್ತೇನೆ ಎಂಬರ್ಥದ ಮಾತನ್ನು ಒಬಾಮ ಹೇಳಿದರು. ಈ ಮತದಾರೆಯ ಗಂಡನಿಗೆ ಸಕ್ಕರೆ ಕಾಯಿಲೆ. ನೌಕರಿ ಬಿಟ್ಟು ಸ್ವಂತವಾಗಿ ಕನ್ಸಲ್ಟಿಂಗ್ ಶುರು ಮಾಡುವ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. ಆದರೆ ಕಂಪನಿಯ ವಿಮೆ ಕೈಬಿಟ್ಟರೆ, ಮೊದಲೇ ಇರುವ ಕಾಯಿಲೆಯ ನೆಪದಲ್ಲಿ ಖಾಸಗಿ ವಿಮೆ ಸಿಗುವ ಖಾತರಿ ಇರಲಿಲ್ಲ. ಮನೆಯಲ್ಲಿ ಆ ಮಾತು ಪ್ರತಿ ಸಲ ನಿಲ್ಲುತ್ತಿದ್ದುದು ಇಲ್ಲಿಗೇ. ಭಾಷಣದಲ್ಲಿ ಆಕೆಯ ಮತವನ್ನು ಗಟ್ಟಿ ಮಾಡಿದ ವಾಕ್ಯ ಯಾವುದು ಎಂದು ಕೇಳಿದರೆ ಉತ್ತರ ಇದೇ.

ಕೊನೆಯಲ್ಲಿ ಒಬಾಮ 45 ವರ್ಷದ ಹಿಂದಿನ ವಾಷಿಂಗ್ಟನ್ ಸಭೆಯನ್ನು ನೆನೆದರು. ಕಿಂಗ್ ಅವರ ಹೆಸರು ಎತ್ತದೆ, ಜಾರ್ಜಿಯಾದ ಯುವ ಪಾದ್ರಿ ಎಂದಷ್ಟೇ ಕರೆದರು. ಸುತ್ತಲಿನ ಹಿರಿಯ ಕಪ್ಪು ಜನರಲ್ಲಿ ಹಲವರು ಅಳುತ್ತಿದ್ದರು. ಆ ಕಣ್ಣೀರಿನ ಹಿಂದಿನ ಚರಿತ್ರೆ ಆಕೆಗೆ ಪುಸ್ತಕದಿಂದ ಗೊತ್ತಿತ್ತೇ ಹೊರತು ಅನುಭವದಿಂದಲ್ಲ. ಒಂದನ್ನು ಮಾತ್ರ ಆಕೆ ಚೆನ್ನಾಗಿ ಬಲ್ಲವರಾಗಿದ್ದರು: ಯುರೋಪಿನ ಹೊರಗಿನ ದೇಶಗಳಿಂದ ದೊಡ್ಡ ಸಂಖ್ಯೆಯಲ್ಲಿ ಜನ ಬರಲು ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದು ಅದೇ ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ. ಮೂಡಿಗೆರೆಯವರೊಬ್ಬರು ಆ ಕುರ್ಚಿಯಲ್ಲಿ ಕೂತಿದ್ದರೆ ಅದರ ಋಣ ಆ ಹೋರಾಟಕ್ಕೂ ಸಲ್ಲುತ್ತದೆ.

ಡೆನ್ವರಿನಲ್ಲಿ ರಾತ್ರಿ ಎಂಟು ದಾಟಿದಾಗ ಬೆಂಗಳೂರಿನಲ್ಲಿ ಶುಕ್ರವಾರ ಬೆಳಿಗ್ಗೆ ಏಳೂಮುಕ್ಕಾಲು. ಆಕೆಯ ತಮ್ಮ ತಿಂಡಿ ತಿನ್ನುತ್ತ ಟೀವಿಯಲ್ಲಿ ಭಾಷಣದ ತುಣುಕು ನೋಡಿದ್ದ. ಗೌರಿ ಹಬ್ಬ ಹತ್ತಿರವಿದ್ದುದರಿಂದ ಆ ವಾರಾಂತ್ಯ ಅವನೇ ಫೋನ್ ಮಾಡಿದ.

“ಏನಕ್ಕಾ, ನಿಮ್ಮ ಒಬಾಮ ನಮ್ಮ ಅನ್ನಕ್ಕೇ ಕಲ್ಲು ಹಾಕ್ತಾನಂತಲ್ಲ?”

“ಚುನಾವಣೆ ಭಾಷಣ ಕಣೋ. ಎಲ್ಲಾ ಹೇಳ್ತಾರೆ, ಎಲ್ಲಾ ಮಾಡಲ್ಲ.”

“ಹಾಗಾದ್ರೆ ಭಾವನ ಇನ್ಷೂರೆನ್ಸ್ ವಿಷಯಾನೂ ಮಾಡಲ್ಲ ಅನ್ನು.”

ಈ ಮಾತಿಗೆ ಆಕೆಯ ಬಳಿ ಉತ್ತರವಿರಲಿಲ್ಲ. ಒಂದೇ ಭಾಷಣದಲ್ಲಿ ತನಗೆ ಬೇಕಾದ ವಾಕ್ಯವನ್ನು ನಂಬಿ, ಬೇಡದ ವಾಕ್ಯವನ್ನು ಸುಮ್ಮನೆ ಹೇಳಿದ್ದು ಎಂದು ತಳ್ಳಿಹಾಕುವುದು ಮತದಾರರ ಸ್ವಭಾವ. ಅಭ್ಯರ್ಥಿಗಳ ಭಾಷಣ ಬರೆಯುವವರು ನೆಚ್ಚಿಕೊಂಡಿರುವುದೂ ಅದನ್ನೇ.

ಭಾಷಣದ ಸದ್ದು ಹೆಚ್ಚು ದಿನ ಉಳಿಯಲಿಲ್ಲ. ಮಾರನೆಯ ದಿನವೇ ಮೆಕೇನ್ ಅಲಾಸ್ಕದ ಗವರ್ನರ್ ಸಾರಾ ಪೇಲಿನ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದರು. ಸುದ್ದಿಯೆಲ್ಲ ಅತ್ತ ಹರಿಯಿತು. ರಿಪಬ್ಲಿಕನ್ ಅಧಿವೇಶನ ಮುಗಿದ ಮೇಲೆ ಗ್ಯಾಲಪ್ ಸಮೀಕ್ಷೆಯಲ್ಲಿ ಕೆಲವು ದಿನ ಮೆಕೇನ್ ಮುಂದಿದ್ದರು. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿ ಅರ್ಜಿ ಹಾಕಿದ್ದೇ ಚುನಾವಣೆಯ ವಿಷಯವೇ ಹಣಕಾಸು ಬಿಕ್ಕಟ್ಟಿನ ಕಡೆಗೆ ಬದಲಾಯಿತು. ಅಜ್ಜಿ ಮ್ಯಾಡಲಿನ್ ಮತದಾನಕ್ಕೆ ಒಂದೆರಡು ದಿನ ಮೊದಲು ತೀರಿಕೊಂಡರು. ನವೆಂಬರ್ 4ರಂದು ಒಬಾಮ 365 ಎಲೆಕ್ಟೋರಲ್ ಮತಗಳಿಂದ ಗೆದ್ದರು, ಮೆಕೇನ್‌ಗೆ 173. ಕೊಲರಾಡೊದಲ್ಲಿ ಅಂತರ ಶೇಕಡ ಒಂಬತ್ತರಷ್ಟು. 1992ರ ನಂತರ ಆ ರಾಜ್ಯ ಡೆಮಾಕ್ರಟರ ಪಾಲಾದದ್ದು ಅದೇ ಮೊದಲು.

ಊರಿನ ಸಭೆಗಳಂತಲ್ಲದೆ ಈ ಭಾಷಣದ ಪೂರ್ತಿ ಪಾಠ ಮರುದಿನದ ಪತ್ರಿಕೆಯಲ್ಲಿತ್ತು. ಆಕೆ ಅದನ್ನು ಕತ್ತರಿಸಿ ಇಟ್ಟುಕೊಂಡು, ಮುಂದಿನ ವರ್ಷಗಳಲ್ಲಿ ಒಂದೊಂದೇ ವಾಕ್ಯಕ್ಕೆ ಗುರುತು ಹಾಕುತ್ತ ಹೋದರು. ಸಮಾನ ವೇತನದ ಮೊಕದ್ದಮೆ ಹೂಡಲು ಹೆಂಗಸರಿಗೆ ಇದ್ದ ಕಾಲಮಿತಿಯ ತೊಡಕನ್ನು ನಿವಾರಿಸುವ ಲಿಲಿ ಲೆಡ್‌ಬೆಟರ್ ಕಾಯ್ದೆಗೆ 2009ರ ಜನವರಿ 29ರಂದೇ ಸಹಿ ಬಿತ್ತು. ತೆರಿಗೆ ಇಳಿಕೆ ಫೆಬ್ರವರಿ 17ರ ಆರ್ಥಿಕ ಚೇತರಿಕೆ ಕಾಯ್ದೆಯೊಳಗೆ ಬಂತು: ದುಡಿಯುವವರಿಗೆ ತಲಾ 400 ಡಾಲರ್, ದಂಪತಿಗೆ 800, ಎರಡು ವರ್ಷದ ಮಟ್ಟಿಗೆ. ಆ ಕಾಯ್ದೆಗೆ ಒಬಾಮ ಸಹಿ ಹಾಕಿದ್ದು ಡೆನ್ವರಿನ ವಸ್ತುಸಂಗ್ರಹಾಲಯವೊಂದರಲ್ಲಿ. ಇರಾಕಿನಿಂದ ಕೊನೆಯ ಪಡೆಗಳು ಹೊರಬಿದ್ದದ್ದು 2011ರ ಡಿಸೆಂಬರಿನಲ್ಲಿ. ಮಧ್ಯಪ್ರಾಚ್ಯದ ತೈಲದ ಆಮದು ಹತ್ತು ವರ್ಷದಲ್ಲಿ ನಿಲ್ಲಲಿಲ್ಲ. ಇಳಿಯಿತು ನಿಜ, ಅದಕ್ಕೆ ಮುಖ್ಯ ಕಾರಣ ಭಾಷಣದಲ್ಲಿ ಇರದಿದ್ದ ಶೇಲ್ ತೈಲ.

ಹೊರಗುತ್ತಿಗೆಯ ವಾಕ್ಯ ಬೇರೆ ದಾರಿ ಹಿಡಿಯಿತು. 2009ರ ಮೇ 4ರಂದು ತೆರಿಗೆ ಸುಧಾರಣೆಯ ಪ್ರಸ್ತಾಪ ಮಂಡಿಸುತ್ತ ಒಬಾಮ, ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿ ಕೆಲಸ ಸೃಷ್ಟಿಸುವುದಕ್ಕಿಂತ ಬೆಂಗಳೂರಿನಲ್ಲಿ ಸೃಷ್ಟಿಸಿದರೆ ಕಡಿಮೆ ತೆರಿಗೆ ಬೀಳುವಂಥ ವ್ಯವಸ್ಥೆ ಇದೆ ಎಂದು ಟೀಕಿಸಿದರು. ಡೆನ್ವರಿನಲ್ಲಿ ಹೆಸರಿಲ್ಲದಿದ್ದ ಹೊರದೇಶಕ್ಕೆ ಈಗ ಊರಿನ ಹೆಸರು ಬಂತು, ಅದೂ ತಮ್ಮ ಇದ್ದ ಊರಿನದು. ಕರ್ನಾಟಕದ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆ ಪ್ರಸ್ತಾಪದ ಮುಖ್ಯ ಭಾಗಕ್ಕೆ ಸಂಸತ್ತಿನ ಒಪ್ಪಿಗೆ ಸಿಗಲಿಲ್ಲ. ಆದರೆ 2010ರ ಆಗಸ್ಟಿನಲ್ಲಿ ಮೆಕ್ಸಿಕೊ ಗಡಿ ಭದ್ರತೆಗೆ ಹಣ ಹೊಂದಿಸುವ ಕಾನೂನೊಂದು, ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಚ್-1ಬಿ ಅಥವಾ ಎಲ್ ವೀಸಾದಲ್ಲಿರುವ ಕಂಪನಿಗಳಿಗೆ ಪ್ರತಿ ಎಚ್-1ಬಿ ಅರ್ಜಿಗೆ 2,000 ಡಾಲರ್ ಹೆಚ್ಚುವರಿ ಶುಲ್ಕ ಹೇರಿತು. ಅದರ ಬಿಸಿ ತಗುಲಿದ್ದು ಮುಖ್ಯವಾಗಿ ಭಾರತದ ಐ.ಟಿ. ಕಂಪನಿಗಳಿಗೆ. ಅದೇ ವರ್ಷದ ನವೆಂಬರಿನಲ್ಲಿ ಮುಂಬೈಗೆ ಬಂದ ಒಬಾಮ, ಅಮೆರಿಕದ ಕೆಲಸ ಕಸಿಯುವ ಕಾಲ್ ಸೆಂಟರುಗಳ ನಾಡು ಎಂದು ಭಾರತವನ್ನು ಚಿತ್ರಿಸುವುದು ಈಗಿನ ವಾಸ್ತವಕ್ಕೆ ಹೊಂದುವುದಿಲ್ಲ ಎಂದರು. ಅಷ್ಟರಲ್ಲಿ ತಮ್ಮನ ಕೆಲಸಕ್ಕೆ ಏನೂ ಆಗಿರಲಿಲ್ಲ. ಹಣಕಾಸು ಬಿಕ್ಕಟ್ಟಿನ ವರ್ಷ ಸಂಬಳ ಏರಿರಲಿಲ್ಲ ಅಷ್ಟೆ, ಅದಕ್ಕೆ ಯಾವ ಭಾಷಣವೂ ಕಾರಣವಲ್ಲ.

ಆರೋಗ್ಯ ವಿಮೆಯ ಕಾಯ್ದೆಗೆ 2010ರ ಮಾರ್ಚ್ 23ರಂದು ಸಹಿಯಾಯಿತು. ಮೊದಲೇ ಇರುವ ಕಾಯಿಲೆಯ ಕಾರಣಕ್ಕೆ ವಯಸ್ಕರಿಗೆ ವಿಮೆ ನಿರಾಕರಿಸುವುದು 2014ರ ಜನವರಿ 1ರಿಂದ ನಿಂತಿತು. ಆ ವರ್ಷ ಆಕೆಯ ಗಂಡ ನೌಕರಿ ಬಿಟ್ಟು, ಕೊಲರಾಡೊ ರಾಜ್ಯದ ವಿಮಾ ಮಾರುಕಟ್ಟೆಯಲ್ಲಿ ಪಾಲಿಸಿ ಕೊಂಡು ಸ್ವಂತ ಕೆಲಸ ಶುರು ಮಾಡಿದರು. ಕಂತು ದುಬಾರಿಯೇ, ಆದರೆ ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯ ಪ್ರಶ್ನೆ ಇರಲಿಲ್ಲ. ಭಾಷಣದಲ್ಲಿ ಒಬಾಮ ಹೇಳಿದ್ದ ತಾಯಿಯ ಕತೆಗೂ ಈ ನಡುವೆ ಒಂದು ತಿದ್ದುಪಡಿ ಬಂದಿತ್ತು. ಪತ್ರಕರ್ತೆ ಜ್ಯಾನಿ ಸ್ಕಾಟ್ 2011ರಲ್ಲಿ ಪ್ರಕಟಿಸಿದ, ಒಬಾಮ ಅವರ ತಾಯಿ ಆ್ಯನ್ ಡನಮ್ ಅವರ ಜೀವನಚರಿತ್ರೆಯ ಪ್ರಕಾರ, ವಿಮಾ ಕಂಪನಿಯೊಡನೆ ತಾಯಿಯ ತಕರಾರು ಇದ್ದದ್ದು ಚಿಕಿತ್ಸೆಯ ವೆಚ್ಚದ ಬಗ್ಗೆ ಅಲ್ಲ, ದುಡಿಯಲಾಗದಾಗ ಬರಬೇಕಾದ ಅಂಗವೈಕಲ್ಯ ವಿಮೆಯ ಹಣದ ಬಗ್ಗೆ. ಭಾಷಣದಲ್ಲಿ ಈ ಮತದಾರೆಯನ್ನು ಅತಿ ಹೆಚ್ಚು ತಟ್ಟಿದ ಕತೆ ಅಷ್ಟೊಂದು ನಿಖರವಾಗಿರಲಿಲ್ಲ. ಅದಕ್ಕೆ ಅಂಟಿದ ಭರವಸೆ ಮಾತ್ರ ಇಡೀ ಪಟ್ಟಿಯಲ್ಲೇ ಹೆಚ್ಚು ಪೂರ್ತಿಯಾಗಿ ಈಡೇರಿತು. ಕತೆಯ ಸತ್ಯವನ್ನೂ ಭರವಸೆಯ ಸತ್ಯವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು ಎಂಬುದು ಅಲ್ಲಿಂದ ಆಕೆಯ ಅಭ್ಯಾಸವಾಯಿತು.

2012ರಲ್ಲಿ ಒಬಾಮ ಎರಡನೆಯ ಸಲ ಉಮೇದುವಾರಿಕೆ ಒಪ್ಪಿಕೊಂಡದ್ದು ಶಾರ್ಲಟ್ ನಗರದಲ್ಲಿ. ಅಲ್ಲೂ ಬಯಲು ಕ್ರೀಡಾಂಗಣದ ಯೋಜನೆಯಿತ್ತು. ಮಳೆಗುಡುಗಿನ ಮುನ್ಸೂಚನೆಯಿಂದ ಒಳಾಂಗಣಕ್ಕೆ ಬದಲಾಯಿತು. ಆಕೆ ಮನೆಯಲ್ಲೇ ಕೂತು, ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಕೇಳಿದರು. ಕಷ್ಟದ ಕತೆಗಳನ್ನೂ ಮುಕ್ತಾಯದ ಏರುದನಿಯನ್ನೂ ಬಿಟ್ಟು, ಇಂಥದನ್ನು ಮಾಡುತ್ತೇನೆ ಎಂಬ ವಾಕ್ಯಗಳನ್ನಷ್ಟೇ ಬರೆದುಕೊಂಡರು. ಆಮೇಲಿನ ಚುನಾವಣೆಗಳಲ್ಲಿ ಎರಡೂ ಪಕ್ಷದ ಅಭ್ಯರ್ಥಿಗಳ ಭಾಷಣಗಳನ್ನು ಆಕೆ ಇದೇ ರೀತಿ ಕೇಳುತ್ತ ಬಂದಿದ್ದಾರೆ. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವ ವಾಕ್ಯ ಒಂದು, ಮತ ಗಿಟ್ಟಿಸುವ ವಾಕ್ಯ ಇನ್ನೊಂದು, ಕಾಯ್ದೆಯಾಗುವ ವಾಕ್ಯ ಮತ್ತೊಂದು; ಈ ಮೂರನ್ನೂ ಬೇರ್ಪಡಿಸಿ ನೋಡಲು ನಾಲ್ಕು ವರ್ಷದ ಅವಧಿ ಸಾಲದು, ಎಂಟಾದರೂ ಬೇಕು ಎಂಬುದು ಡೆನ್ವರ್ ಭಾಷಣದಿಂದ ಆಕೆ ಕಂಡುಕೊಂಡ ಲೆಕ್ಕ.